ಮನಸ್ಸಿನೊಡನೆ ಹೋರಾಡಿ ಗೆದ್ದವನು ದೊಡ್ಡವನಲ್ಲವೇ?

ಮಾನ್ಯ ಓದುಗರೇ,

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ನೀತಿವಿಚಾರವನ್ನು ಕುರಿತ ಹೋದ ಸಂಚಿಕೆಯ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಅಂಗಡಿಯವನು ಕೈತಪ್ಪಿ 500 ರೂಪಾಯಿಯ ನೋಟೊಂದನ್ನು ಹೆಚ್ಚಿಗೆ ಕೊಟ್ಟಾಗ ಒಬ್ಬ ಗಿರಾಕಿ ಅದನ್ನು ನಿಂತಲ್ಲೇ ಹಿಂತಿರುಗಿಸುತ್ತಾನೆ. ಇನ್ನೊಬ್ಬ ಜೇಬಿಗಿಳಿಸಿ, ಬೀದಿಯ ತಿರುವಿನವರೆಗೂ ಹೋಗಿ, ಮನಸ್ಸು ಒಪ್ಪದಿದ್ದರೂ ಮರಳಿ ಬಂದು ಕೊಡುತ್ತಾನೆ. ಆಸೆಯನ್ನು ಗೆದ್ದ ಈ ಎರಡನೆಯವನನ್ನು ಬಿಟ್ಟು ಅರಿಸ್ಟಾಟಲ್ ಮೊದಲನೆಯವನಿಗೆ ಮೇಲಿನ ಸ್ಥಾನ ಕೊಡುವುದು ಯಾವ ನ್ಯಾಯ ಎಂಬುದು ತಮ್ಮ ಪ್ರಶ್ನೆ.

ಅರಿಸ್ಟಾಟಲ್ ಎರಡನೆಯವನನ್ನು ಹಗುರವಾಗಿ ಕಾಣುವುದಿಲ್ಲ. ತನ್ನ ‘ನಿಕೊಮೇಕಿಯನ್ ಎಥಿಕ್ಸ್’ ಎಂಬ ನೀತಿಗ್ರಂಥದ ಏಳನೆಯ ಭಾಗದಲ್ಲಿ, ಸರಿ ಯಾವುದೆಂದು ತಿಳಿದೂ ಆಸೆಗೆ ಸೋಲುವವನನ್ನು, ಒಳ್ಳೆಯ ಕಾನೂನುಗಳನ್ನು ಮಾಡಿಟ್ಟುಕೊಂಡು ಒಂದನ್ನೂ ಜಾರಿಗೆ ತರದ ನಗರಕ್ಕೆ ಅವನು ಹೋಲಿಸುತ್ತಾನೆ. ತಿಳಿದು ತಿಳಿದು ಯಾರೂ ತಪ್ಪು ಮಾಡುವುದಿಲ್ಲವೆಂದ ಸಾಕ್ರೆಟಿಸನ ಮಾತು ಕಣ್ಣೆದುರಿನ ಅನುಭವಕ್ಕೆ ಒಗ್ಗುವುದಿಲ್ಲವೆಂದು ಅವನು ಹೇಳುವುದೂ ಅಲ್ಲಿಯೇ. ತಮ್ಮ ಎರಡನೆಯ ಗಿರಾಕಿ ಹಾಗೆ ಸೋತವನಿಗಿಂತ ಎಷ್ಟೋ ಮೇಲು. ಆದರೆ ಅವನ ಕೈ ಸರಿಯಾದದ್ದನ್ನು ಮಾಡಿದರೂ ಆಸೆ ಇನ್ನೂ ಆ ನೋಟಿನ ಮೇಲೆಯೇ ಇದೆ. ಸದ್ಗುಣವೆಂಬುದು ಕೆಲಸಕ್ಕೆ ಸಂಬಂಧಿಸಿದಷ್ಟೇ ಭಾವಕ್ಕೂ ಸಂಬಂಧಿಸಿದ್ದೆಂದು ನಂಬಿದ ಅರಿಸ್ಟಾಟಲ್, ಒಂದು ಕೆಲಸ ಮಾಡುವಾಗ ಮನುಷ್ಯನಿಗಾಗುವ ಸುಖವನ್ನೋ ನೋವನ್ನೋ ಅವನ ಶೀಲದ ಗುರುತಾಗಿ ನೋಡಬೇಕೆನ್ನುತ್ತಾನೆ: ಭೋಗವನ್ನು ಬಿಟ್ಟು ಅದರಲ್ಲೇ ಸಂತೋಷಪಡುವವನು ಸಂಯಮಿ, ಬಿಡಬೇಕಾಯಿತಲ್ಲಾ ಎಂದು ಒಳಗೇ ಕುದಿಯುವವನು ಅಲ್ಲ.

ಹಾಗಾದರೆ ಸಾಧು ಸ್ವಭಾವದಿಂದ ಹುಟ್ಟಿದವನಿಗೆ ಪುಕ್ಕಟೆ ಪ್ರಶಸ್ತಿ ಸಿಕ್ಕಂತಾಗಲಿಲ್ಲವೇ ಎಂದು ತಾವು ಕೇಳಬಹುದು. ಇಲ್ಲ. ಹುಟ್ಟುಗುಣ ಬೇರೆ, ವಿವೇಕದೊಡನೆ ಬೆಳೆದ ಪೂರ್ಣ ಸದ್ಗುಣ ಬೇರೆ. ವಿವೇಕವಿಲ್ಲದ ಹುಟ್ಟುಗುಣ, ಕಣ್ಣಿಲ್ಲದ ಬಲಿಷ್ಠ ದೇಹದಂತೆ, ಜೋರಾಗಿಯೇ ಮುಗ್ಗರಿಸುತ್ತದೆ ಎಂಬ ಎಚ್ಚರಿಕೆ ಆರನೆಯ ಭಾಗದಲ್ಲಿದೆ. ಲೈರ್ ಎಂಬ ತಂತಿವಾದ್ಯವನ್ನು ನುಡಿಸಿ ನುಡಿಸಿಯೇ ವಾದಕರಾಗುವಂತೆ ನ್ಯಾಯವಾದದ್ದನ್ನು ಮಾಡಿ ಮಾಡಿಯೇ ನ್ಯಾಯವಂತರಾಗಬೇಕಾದ್ದರಿಂದ, ಇಂದು ನಿರಾಯಾಸವಾಗಿ ನೋಟು ಹಿಂತಿರುಗಿಸಿದವನು ಹಿಂದೆ ಎಷ್ಟು ಸಲ ಬೀದಿಯ ತಿರುವಿನಿಂದ ಮರಳಿದ್ದನೋ ನಮಗೆ ಕಾಣುವುದಿಲ್ಲ.

ತಮ್ಮ ವಾದಕ್ಕೆ ಬೆಂಬಲ ಬೇಕಿದ್ದರೆ ಗ್ರೀಕರಿಗಿಂತ ಜರ್ಮನ್ ತತ್ವಜ್ಞಾನಿ ಕಾಂಟ್ ಹತ್ತಿರದವನು. ಮನಸ್ಸಿನ ಒಲವಿಲ್ಲದೆ ಬರಿಯ ಕರ್ತವ್ಯವೆಂದು ಮಾಡಿದ ಉಪಕಾರದ ನೈತಿಕ ಬೆಲೆಯನ್ನು ಅವನು 1785ರ ತನ್ನ ನೀತಿಗ್ರಂಥದಲ್ಲಿ ಎತ್ತಿ ಹಿಡಿದಿದ್ದಾನೆ. ಅರಿಸ್ಟಾಟಲನಲ್ಲಿಯೂ ತಮಗೊಂದು ಆಸರೆಯಿದೆ, ಅದು ಧೈರ್ಯದ ಚರ್ಚೆಯಲ್ಲಿ. ಸದ್ಗುಣಿಯ ಬಾಳು ಎಷ್ಟು ತುಂಬಿದ್ದರೆ ಸಾವು ಅವನಿಗೆ ಅಷ್ಟೇ ದುಃಖ ತರುತ್ತದೆ, ಏಕೆಂದರೆ ತಾನು ಕಳೆದುಕೊಳ್ಳುತ್ತಿರುವುದು ಎಂಥದ್ದೆಂದು ಅವನಿಗೆ ಗೊತ್ತು. ಈ ನೋವಿನಿಂದ ಅವನ ಧೈರ್ಯ ಕುಗ್ಗುವುದಿಲ್ಲ, ಬಹುಶಃ ಹೆಚ್ಚುತ್ತದೆ ಎಂದೇ ಅರಿಸ್ಟಾಟಲ್ ಹೇಳುತ್ತಾನೆ. ಅಷ್ಟನ್ನು ತೆತ್ತು ಆ ಸದ್ಗುಣಿ ರಣರಂಗದಲ್ಲಿ ನಿಲ್ಲುವುದನ್ನು ಆರಿಸಿಕೊಂಡಿದ್ದಾನೆ.

— ಸಂಪಾದಕ