ಹರಕೆಯ ಆಡಿನಲ್ಲಿ ಬಿರಿಯಾನಿ ಮಾಡಬಹುದೇ?

ಪ್ರಶ್ನೆ: ನಾವು ಉಳ್ಳಾಲದವರು. ಕಳೆದ ಮಳೆಗಾಲದಲ್ಲಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಗಂಡನಿಗೆ ಹೃದಯದ ಆಪರೇಷನ್ ಆಯಿತು. ಹೊರಗೆ ಕೂತಿದ್ದ ನಾನು, "ಅಲ್ಲಾಹನೇ, ಇವರು ಹುಷಾರಾಗಿ ಬಂದರೆ ಒಂದು ಆಡು ಕೊಯ್ಸಿ ಬಡವರಿಗೆ ಹಂಚುತ್ತೇನೆ" ಅಂದೆ. ಈಗ ಅವರು ಆರಾಮಾಗಿದ್ದಾರೆ. ಆದರೆ ಅತ್ತೆ ಎರಡು ಆಡು ಕೊಯ್ಸಿ, ಕುಟುಂಬದವರನ್ನೆಲ್ಲ ಕರೆದು ಬಿರಿಯಾನಿ ಮಾಡೋಣ ಅಂತ ಹಟ ಹಿಡಿದಿದ್ದಾರೆ. ಗಂಡ, ಆ ದುಡ್ಡನ್ನು ಯಾರಾದರೂ ಬಡ ರೋಗಿಗೆ ಕೊಟ್ಟುಬಿಡು ಅಂತಾರೆ. ನನ್ನ ಬಳೆಗಳು ಇನ್ನೂ ಬ್ಯಾಂಕಿನಲ್ಲಿ ಅಡವಿವೆ. ಬೀಡಿ ಕಟ್ಟಿ ಕೂಡಿಟ್ಟ ಸ್ವಲ್ಪ ದುಡ್ಡಿದೆ, ಅಷ್ಟೆ. ಏನು ಮಾಡಲಿ?

ಉತ್ತರ: ತಂಗೀ, ನಿಮ್ಮ ಮನೆಯವರು ಚೇತರಿಸಿಕೊಂಡದ್ದು ಕೇಳಿ ತುಂಬ ಸಂತೋಷವಾಯಿತು. ಅಲ್‌ಹಮ್ದುಲಿಲ್ಲಾಹ್.

ಮೊದಲು ಒಂದು ಮಾತು ನೆನಪು ಮಾಡಿಕೊಳ್ಳಿ. ಅವತ್ತು ಅದನ್ನು ಬಾಯಿಬಿಟ್ಟು ಹೇಳಿದ್ರಾ, ಮನಸ್ಸಲ್ಲೇ ಅಂದುಕೊಂಡ್ರಾ? ನಮ್ಮ ಕಡೆ ಹೆಚ್ಚಿನವರು ಪಾಲಿಸುವ ಶಾಫಿಈ ಮದ್‌ಹಬ್ (ಇಸ್ಲಾಮೀ ಧರ್ಮವಿಧಿಯ ಒಂದು ಪಂಥ) ಪ್ರಕಾರ, ಮನಸ್ಸಲ್ಲಿ ಅಂದುಕೊಂಡದ್ದಷ್ಟೇ ಹರಕೆಯಾಗುವುದಿಲ್ಲ. ಬಾಯಲ್ಲಿ ಹೇಳಿರಬೇಕು. ಅರಬ್ಬಿಯಲ್ಲೇ ಹೇಳಿರಬೇಕೆಂದಿಲ್ಲ, ಬ್ಯಾರಿ ಭಾಷೆಯಲ್ಲಿ ಹೇಳಿದರೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನಿಮ್ಮ ಮಸೀದಿ ಜಮಾಅತಿನ ಉಸ್ತಾದರ (ಧರ್ಮಗುರುಗಳ) ಹತ್ತಿರ ಹೋಗಿ, ಅವತ್ತು ಬಂದ ಮಾತನ್ನು ಹಾಗೆಯೇ ಹೇಳಿ. ತಿದ್ದಬೇಡಿ, ಚಂದ ಮಾಡಬೇಡಿ. ಅದು ಬರೀ ಆಸೆಯೋ, ನೀವು ಹೊತ್ತ ಹೊಣೆಯೋ ಅನ್ನುವುದನ್ನು ಅವರು ಆ ಮಾತಿನಿಂದಲೇ ತಿಳಿಯಬೇಕು.

ಹರಕೆ ಅಲ್ಲ ಅಂತಾದರೆ ಎಲ್ಲ ದಾರಿಯೂ ತೆರೆದಿದೆ. ಆಡು ಕೊಯ್ಸಿ ನೀವೂ ತಿಂದು ಹಂಚಬಹುದು, ರೋಗಿಗೆ ದುಡ್ಡು ಕೊಡಬಹುದು. ಎರಡೂ ಒಳ್ಳೆಯದೇ.

ಹರಕೆ ಅಂತಾದರೆ ಮಾತು ಬೇರೆ. ಆಡು ಅಂತ ಹೆಸರಿಸಿ ಹೊತ್ತದ್ದನ್ನು ನಮಗೆ ತೋಚಿದ ಹಾಗೆ ದುಡ್ಡಾಗಿ ಬದಲಿಸುವಂತಿಲ್ಲ. ನಿಮ್ಮ ಯಜಮಾನರ ಮನಸ್ಸು ದೊಡ್ಡದು, ಆ ರೋಗಿಗೆ ಮುಂದೆ ಬೇರೆಯಾಗಿ ಸದಕ (ದಾನ) ಕೊಡಿ. ಹರಕೆಯ ಮಾಂಸ ಬಡವರ ಹಕ್ಕು. ಹೊತ್ತವರು ಅದನ್ನು ತಿನ್ನುವಂತಿಲ್ಲ. ಅತ್ತೆ ಹೇಳುವ ಬಿರಿಯಾನಿ ಈ ಆಡಿನಲ್ಲಿ ಆಗುವುದೇ ಇಲ್ಲ.

ಹರಕೆ ನಿಮ್ಮದು. ಅತ್ತೆಯ ಮೇಲೂ ಇಲ್ಲ, ಗಂಡನ ಮೇಲೂ ಇಲ್ಲ. ಒಂದು ಅಂದದ್ದು ಎರಡಾಗಬೇಕಿಲ್ಲ. ಇದಕ್ಕಾಗಿ ಹೊಸ ಸಾಲ ದಯವಿಟ್ಟು ಬೇಡ. ಇಂಥ ದಿನವೇ ಅಂತ ನೀವು ಹೇಳಿಲ್ಲವಲ್ಲ, ಬೀಡಿಯ ದುಡ್ಡು ಸಾಕಷ್ಟು ಕೂಡುವವರೆಗೆ ಕಾಯಬಹುದು. ಬಕ್ರೀದ್ ಬರಬೇಕೆಂದೂ ಇಲ್ಲ. "ಅವುಗಳ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ನಿಮ್ಮ ತಖ್ವಾ (ದೇವಭಕ್ತಿ) ತಲುಪುತ್ತದೆ" ಅಂತ, ಬಲಿಯ ಪ್ರಾಣಿಗಳ ಬಗ್ಗೆ, ಕುರ್‌ಆನಿನ ಸೂರಃ ಹಜ್ಜ್‌ನ 37ನೇ ಆಯತ್ (ವಚನ) ಹೇಳುತ್ತದೆ. ತಬೂಕ್ ಯುದ್ಧಕ್ಕೆ ಹೋಗದೆ ಉಳಿದ ಪ್ರವಾದಿಯವರ ಸಂಗಾತಿ ಕಅಬ್ ಬಿನ್ ಮಾಲಿಕ್ ಅವರ ತೌಬಾ (ಪಶ್ಚಾತ್ತಾಪ) ಸ್ವೀಕಾರವಾದಾಗ, ಆ ಖುಷಿಯಲ್ಲಿ ಅವರು ಇದ್ದ ಆಸ್ತಿಯನ್ನೆಲ್ಲ ದಾನ ಮಾಡಹೊರಟರು. ಸ್ವಲ್ಪ ನಿಮಗೂ ಇಟ್ಟುಕೊಳ್ಳಿ, ಅದೇ ಒಳ್ಳೆಯದು ಅಂದರು ಪ್ರವಾದಿಯವರು. ಬಳೆ ಅಡವಿಟ್ಟ ಮನೆಗೂ ಈ ಮಾತು ಸಲ್ಲುತ್ತದೆ ಅಲ್ವಾ? ಆಡು ಕೊಳ್ಳುವವರೆಗೆ ಶುಕ್ರ್ (ದೇವರಿಗೆ ಕೃತಜ್ಞತೆ) ಬಾಕಿ ಉಳಿಯಿತು ಅಂತ ಕೊರಗಬೇಡಿ. ನಮಾಝಿನಲ್ಲಿ, ದುಆದಲ್ಲಿ ದಿನಾ ಹೇಳುತ್ತಾ ಇರಿ.

ಕೊಳ್ಳುವಾಗ ಎರಡು ವರ್ಷ ತುಂಬಿದ, ಕುಂಟು ಕುರುಡಿಲ್ಲದ ಗಟ್ಟಿ ಆಡು ನೋಡಿ. ಹಸಿ ಮಾಂಸವನ್ನೇ ಪೊಟ್ಟಣ ಕಟ್ಟಿ ಹಂಚಿ. ಅವರವರ ಒಲೆಯಲ್ಲಿ, ಅವರ ಮಕ್ಕಳಿಗೆ ಬೇಕಾದ ಹಾಗೆ ಬೇಯಿಸಿಕೊಳ್ಳಲಿ. ನಿಮ್ಮ ಜೊತೆ ಬೀಡಿ ಕಟ್ಟುವವರಲ್ಲೇ ಕಷ್ಟದಲ್ಲಿರುವವರು ಇರಬಹುದು, ಅವರನ್ನು ಮರೀಬೇಡಿ.

ಇನ್ನು ಅತ್ತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗ ಕೈತಪ್ಪಿ ಹೋಗುತ್ತಾನೆ ಅಂತ ಅವರೂ ಹೆದರಿದ್ದರು. ಅವನು ಎದ್ದು ಕೂತು ಉಣ್ಣುವುದನ್ನು ನಾಲ್ಕು ಜನ ನೋಡಲಿ ಅನ್ನುವುದು ಆ ತಾಯಿಯ ಆಸೆ. ಅದನ್ನು ಹಾಗೆಯೇ ತಳ್ಳಿಹಾಕಬೇಡಿ. ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ಹತ್ತಿರದ ನೆಂಟರನ್ನಷ್ಟೇ ಕರೆದು ಪತ್ತಿರ್ (ಅಕ್ಕಿ ರೊಟ್ಟಿ), ಕೋಳಿ ಸಾರು ಮಾಡಿ. ಖರ್ಚು ಕೈಗೆ ಎಟಕುವಷ್ಟೇ ಇರಲಿ. ಹರಕೆಯ ವಿಚಾರವನ್ನು ನೀವೇ ಅತ್ತೆಗೆ ಬಿಡಿಸಿ ಹೇಳಹೋದರೆ ಸೊಸೆಯ ಹಟ ಅನ್ನಿಸೀತು. ಉಸ್ತಾದರ ಹತ್ತಿರ ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ. ಅಲ್ಲಿ ಕೇಳಿದ್ದನ್ನು ಅವರೇ ತಾಯಿಗೆ ಹೇಳಲಿ.