ಪದಬಂಧದ ‘ಬರ್ಗ್’: ಹಿಮವೋ, ಗುಡ್ಡವೋ?

ಪ್ರಶ್ನೆ: ಇಂಗ್ಲಿಷ್ ಪದಬಂಧದಲ್ಲಿ ‘ತೇಲುವ ಹಿಮ, 4 ಅಕ್ಷರ’ ಅಂತಿತ್ತು. ಮಗಳು ‘ಬರ್ಗ್’ ತುಂಬಿದಳು, ಕೊಟ್ಟ ಉತ್ತರ ‘ಫ್ಲೋ’. ಯಾವುದು ಸರಿ? ಜೋಹಾನ್ಸ್‌ಬರ್ಗ್‌ನಲ್ಲಿರುವುದೂ ಇದೇ ಬರ್ಗೇ?
– ಓದುಗರೊಬ್ಬರು, ಗದಗ

ಉತ್ತರ: ಎರಡಕ್ಕೂ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಎರಡೂ ತೇಲುವ ಹಿಮವೇ. ಸುಳುಹು ಕೊಟ್ಟವರು ಇನ್ನೊಂದು ಮಾತು ಸೇರಿಸಬೇಕಿತ್ತು. ಇಂಥಲ್ಲಿ ಎರಡನೇ ಚೌಕವನ್ನು ಹಾಯುವ ಪದವನ್ನು ಮೊದಲು ಬಿಡಿಸಿ. ಅಲ್ಲಿ ‘ಇ’ ಬಂದರೆ ಬರ್ಗ್, ‘ಎಲ್’ ಬಂದರೆ ಫ್ಲೋ.

ವಸ್ತುಗಳು ಮಾತ್ರ ಬೇರೆ. ಸಮುದ್ರದ ನೀರೇ ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿ ಆದ ಚಪ್ಪಟೆ ಹಾಸು ಫ್ಲೋ. ಬರ್ಗ್ ನೆಲದ ಮೇಲೆ ಬಿದ್ದ ಹಿಮ. ಪದರ ಪದರವಾಗಿ ಒತ್ತಿ ಹಿಮನದಿಯಾಗಿ, ಕಡಲಂಚಿನಲ್ಲಿ ಮುರಿದು ಬಿದ್ದದ್ದು. ಹಾಗಾಗಿ ಉಪ್ಪಿನ ಕಡಲಲ್ಲಿ ತೇಲಿದರೂ ಅದು ಸಿಹಿನೀರು.

ಡಚ್ ಭಾಷೆಯ ‘ಐಸ್‌ಬೆರ್ಗ್’, ಅಂದರೆ ಹಿಮದ ಬೆಟ್ಟ, ಅರ್ಧ ಅನುವಾದವಾಗಿ ಇಂಗ್ಲಿಷಿಗೆ ಬಂತು. ಆಮೇಲೆ ಅದನ್ನು ಮೊಟಕು ಮಾಡುವಾಗ ಹಿಮವನ್ನೇ ಬಿಟ್ಟು ಬೆಟ್ಟವನ್ನು ಉಳಿಸಿಕೊಂಡರು! ದಕ್ಷಿಣ ಆಫ್ರಿಕಾದಲ್ಲಿ ಬರ್ಗ್ ಈಗಲೂ ಬೆಟ್ಟವೇ. ಮುಂಡರಗಿ ಕಡೆ ಬರೇ ‘ಗುಡ್ಡ’ ಅಂದರೆ ಕಪ್ಪತಗುಡ್ಡ ಅಂತ ತಿಳಿಯುವ ಹಾಗೆ, ಅಲ್ಲಿ ‘ದಿ ಬರ್ಗ್’ ಅಂದರೆ ಡ್ರಾಕನ್ಸ್‌ಬರ್ಗ್. ಅಲ್ಲಿನ ‘ಬರ್ಗ್ ಗಾಳಿ’ಗೂ ಹಿಮಕ್ಕೂ ಸಂಬಂಧವಿಲ್ಲ, ಒಳನಾಡಿನಿಂದ ಕರಾವಳಿಗೆ ಇಳಿಯುತ್ತ ಕಾಯುವ ಒಣಗಾಳಿ ಅದು.

ಜೋಹಾನ್ಸ್‌ಬರ್ಗ್‌ನದು ಬೇರೆ ಪದ: ಕೋಟೆ, ಪಟ್ಟಣ ಎಂಬರ್ಥದ್ದು, ‘ಯು’ ಅಕ್ಷರದ್ದು. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆಯುವುದರಿಂದ ಈ ಗೊಂದಲ. ಜರ್ಮನಿಯ ಹೈಡೆಲ್‌ಬರ್ಗ್ ಮಾತ್ರ ‘ಇ’ ಬರ್ಗ್.

ನಾವಿಕರ ಲೆಕ್ಕದಲ್ಲಿ ನೀರಿನ ಮೇಲೆ 5 ಮೀಟರಿಗಿಂತ ಹೆಚ್ಚು ಎದ್ದಿದ್ದರಷ್ಟೇ ಐಸ್‌ಬರ್ಗ್. 1ರಿಂದ 5 ಮೀಟರ್ ಇದ್ದರೆ ‘ಬರ್ಗಿ ಬಿಟ್’, 1 ಮೀಟರಿಗೂ ಕಡಿಮೆಯಿದ್ದರೆ ‘ಗ್ರೌಲರ್’. ಸಣ್ಣದೆಂದು ಗ್ರೌಲರನ್ನು ಕಡೆಗಣಿಸುವಂತಿಲ್ಲ: ಅಲೆಗಳ ನಡುವೆ ರಾಡಾರಿಗೆ ಸಿಗದೆ ತಪ್ಪಿಸಿಕೊಳ್ಳುವುದು ಅದೇ.

ಪ್ರಶ್ನೆ: ಐಸ್‌ಬರ್ಗಿನ ಹತ್ತರಲ್ಲಿ ಒಂಬತ್ತು ಪಾಲು ನೀರೊಳಗೆ ಇರುತ್ತದೆ ಎಂಬುದನ್ನು ತರಗತಿಯಲ್ಲಿ ತೋರಿಸುವುದು ಹೇಗೆ?
– ಶಿಕ್ಷಕಿ, ಹಾವೇರಿ

ಉತ್ತರ: 1 ಲೀಟರ್ ತಣ್ಣೀರಿಗೆ 35 ಗ್ರಾಂ ಉಪ್ಪು ಹಾಕಿ, ಪೂರ್ತಿ ಕರಗಿಸಿ, ಗಾಜಿನ ಪಾತ್ರೆಗೆ ಸುರಿಯಿರಿ. ಚಪ್ಪಟೆ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿದ ಅಗಲದ ಗಡ್ಡೆ ಬಿಟ್ಟು, ಮೇಲೆ ಕಾಣುವ ದಪ್ಪವನ್ನು ತಕ್ಷಣ ಅಳೆಯಿರಿ. ಉಪ್ಪು ಹೆಚ್ಚಾದರೆ ಗಡ್ಡೆ ಇನ್ನೂ ಮೇಲೇಳುತ್ತದೆ. ಲೋಟದಲ್ಲಿ ಮಾಡಿದ ಉದ್ದನೆಯ ಗಡ್ಡೆ ಬೇಡ, ಅಡ್ಡ ಬೀಳುತ್ತದೆ. ಭಿತ್ತಿಚಿತ್ರಗಳಲ್ಲಿ ನೆಟ್ಟಗೆ ನಿಂತ ಚೂಪು ಬರ್ಗ್ ಕೂಡ ನಿಜವಾದ ಕಡಲಲ್ಲಿ ಹಾಗೆ ನಿಲ್ಲದು.