ಧರ್ಮದ ತಿರುಳು ಅನುಭವವೇ?

ಪ್ರಶ್ನೆ: ಧರ್ಮದ ತಿರುಳೆಂದರೆ ಒಳಗಿನ ಅನುಭವ, ಆಚರಣೆಗಳೆಲ್ಲ ಆಮೇಲೆ ಸೇರಿಕೊಂಡವು ಎಂಬ ಮಾತನ್ನು ಧರ್ಮದ ಇತಿಹಾಸ ಕುರಿತ ಬರಹಗಳಲ್ಲಿ ಪದೇ ಪದೇ ಓದುತ್ತೇನೆ. ಇದು ನಮ್ಮ ಶರಣರ ಮಾತೋ, ಭಾವ, ಕಲ್ಪನೆಗಳಿಗೆ ಒತ್ತು ಕೊಟ್ಟ ಯುರೋಪಿನ ರಮ್ಯಪಂಥದಿಂದ ಬಂದದ್ದೋ?
– ಓದುಗರೊಬ್ಬರು, ಬಸವಕಲ್ಯಾಣ

ಉತ್ತರ: ಈಗ ನಾವು ಆಡುವ ಮಾತಿನಲ್ಲಿ ಎರಡೂ ಬೆರೆತಿವೆ, ಆದರೆ ಅವನ್ನು ಬಿಡಿಸಿ ನೋಡಲೇಬೇಕು. ಬರ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಪಾದ್ರಿಯಾಗಿದ್ದ, ರಮ್ಯಪಂಥದ ವಿಮರ್ಶಕ ಫ್ರೆಡ್ರಿಕ್ ಶ್ಲೇಗೆಲ್ ಅವರ ಆಪ್ತ ಗೆಳೆಯ ಶ್ಲಯರ್‌ಮಾಖರ್ ಅವರು 1799ರಲ್ಲಿ, ಧರ್ಮವನ್ನು ಕೀಳಾಗಿ ಕಾಣುತ್ತಿದ್ದ ವಿದ್ಯಾವಂತರನ್ನು ಉದ್ದೇಶಿಸಿ, ಧರ್ಮವು ತತ್ತ್ವಶಾಸ್ತ್ರವೂ ಅಲ್ಲ, ನೀತಿಶಾಸ್ತ್ರವೂ ಅಲ್ಲ, ಅನಂತವಾದುದನ್ನು ಕಾಣುವ ಮತ್ತು ಭಾವಿಸುವ ಬಗೆ ಎಂದು ವಾದಿಸಿದರು. ಇದರಿಂದ ದೊಡ್ಡ ಉಪಕಾರವಾಯಿತು: ಪರಧರ್ಮಗಳನ್ನು ಪುರೋಹಿತರ ಮೋಸವೆಂದು ತಳ್ಳಿಹಾಕದೆ, ಸಹಾನುಭೂತಿಯಿಂದ ಓದುವ ದಾರಿ ತೆರೆಯಿತು. 1808ರಲ್ಲಿ ಶ್ಲೇಗೆಲ್ ಅವರೇ ಭಾರತೀಯರ ಭಾಷೆ ಮತ್ತು ಜ್ಞಾನದ ಬಗ್ಗೆ ಪುಸ್ತಕ ಬರೆದರು. ಮುಂದೆ ಋಗ್ವೇದವನ್ನು ಸಂಪಾದಿಸಿ ಪ್ರಕಟಿಸಿದ ಮ್ಯಾಕ್ಸ್ ಮುಲ್ಲರ್ ಅವರು ರಮ್ಯಕವಿಯೊಬ್ಬರ ಮಗ.

ಆದರೆ ಹಳೆಯದೇ ಶುದ್ಧ, ನಂತರದ್ದೆಲ್ಲ ಕಲಬೆರಕೆ ಎಂಬ ನಂಬಿಕೆಯೂ ಇದೇ ಹಾದಿಯಲ್ಲಿ ಬಂತು. ವೇದಕ್ಕೆ ಸಿಕ್ಕ ಗೌರವ ಪುರಾಣಕ್ಕಾಗಲಿ, ಗ್ರಾಮದೇವತೆಗಾಗಲಿ ಸಿಗಲಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿ ಸ್ತೂಪವನ್ನೇ ನೋಡಿ. ರಾಣಿ ಮತ್ತು ಪರಿಚಾರಕಿಯರೊಡನೆ ನಿಂತ ದೊರೆಯ ಶಿಲ್ಪ ಅಲ್ಲಿದೆ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೋಕೊ’ ಎಂದು ಕೆತ್ತಿದ್ದಾರೆ. ಅಶೋಕ ತೀರಿಕೊಂಡ ಎಷ್ಟೋ ಕಾಲದ ಮೇಲೆ ಕೆತ್ತಿದ್ದು ಅದು; ಮೂಲವನ್ನಷ್ಟೇ ಹುಡುಕುವವರಿಗೆ ತಡವಾಗಿ ಬಂದ ಸಾಕ್ಷಿ. ಭಕ್ತರು ಅಶೋಕನನ್ನು ಹೇಗೆ ನೆನೆದರು ಎಂದು ತಿಳಿಯಬಯಸುವವರಿಗೆ ಅದಕ್ಕಿಂತ ಮಿಗಿಲಾದ ಆಧಾರ ಬೇಕಿಲ್ಲ.

ಇನ್ನು ಶರಣರ ಮಾತು. 12ನೆಯ ಶತಮಾನದ ಅವರು ಅನುಭಾವವನ್ನು, ಅಂದರೆ ದೈವದ ನೇರ ಅನುಭವವನ್ನು, ಯಾರಿಂದಲೂ ಕಡ ತಂದವರಲ್ಲ. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಗಳನ್ನು ಅಚ್ಚು ಹಾಕಿಸಿದ ಮೇಲೆ, ಭಾವಗೀತೆಯ ರುಚಿ ಕಂಡಿದ್ದ ಪೀಳಿಗೆಯೊಂದು ಅವನ್ನು ಏಕಾಂತದ ಒಳದನಿಯಾಗಿ ಓದಿತು ಎಂಬುದು ನನ್ನ ಅಭಿಪ್ರಾಯ. ಶರಣರಿಗೆ ಅನುಭಾವವು ಎಡಗೈಯ ಅಂಗೈಯಲ್ಲಿ ಇಟ್ಟು ದಿಟ್ಟಿಸುವ ಇಷ್ಟಲಿಂಗದಿಂದ, ಕಾಯಕದಿಂದ, ದಾಸೋಹದಿಂದ ಬೇರೆಯಾದದ್ದಲ್ಲ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದ ಹಣದಲ್ಲಿ ಜಂಗಮರಿಗೆ ಉಣಬಡಿಸಿದವರು. ಅವರ ಹೆಸರಿನ ಗವಿ ನಿಮ್ಮ ಊರಿನಲ್ಲೇ ಇದೆ.